ಮಸ್ಕತ್ತಿನಲ್ಲಿ ಆಸ್ವಾಲ್ಡ್ ಸಿದ್ದಿ ಬರೆದ ಮುಖಗಳು

ಮಸ್ಕತ್ತಿನಲ್ಲಿ ಆಸ್ವಾಲ್ಡ್ ಸಿದ್ದಿಯನ್ನು "ನಿನ್ನ ಊರು ಯಾವುದು?" ಎಂದು ಕೇಳಿದವರು ಅವನ ಮೊದಲ ಉತ್ತರಕ್ಕೇ ಸುಮ್ಮನಾದದ್ದನ್ನು ನಾನು ನೋಡಿಯೇ ಇಲ್ಲ.

"ಹಳಿಯಾಳ," ಎನ್ನುತ್ತಿದ್ದ.

"ಅಲ್ಲ, ನಿಜವಾಗಿ ಎಲ್ಲಿಯವನು?"

"ನಿಜವಾಗೂ ಹಳಿಯಾಳದಾಂವನ ರೀ."

"ಅದಕ್ಕಿಂತ ಮೊದಲು?"

"ಅದಕ್ಕಿಂತ ಮೊದಲು ನಾ ಹುಟ್ಟಿರಲಿಲ್ಲ," ಎಂದು ಹೇಳಿ, ಬ್ರಶ್ಶನ್ನು ಟರ್ಪೆಂಟೈನ್ ಡಬ್ಬಿಯಲ್ಲಿ ಅದ್ದಿ ಜೋರಾಗಿ ಕಲಕುತ್ತಿದ್ದ. ಡಬ್ಬಿಯ ಸದ್ದು ಕೇಳಿದರೆ ಸಾಕು, ಇವತ್ತು ಇನ್ನೊಬ್ಬರು ಬಂದು ಅದನ್ನೇ ಕೇಳಿದರು ಎಂದು ಕೌಂಟರಿನಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು.

ನಾನು ಉಡುಪಿ ಕಡೆಯವಳು, ವಸಂತಿ. ನನ್ನ ಗಂಡ ಭೋಜರಾಜರು ರೂವಿಯ ಒಂದು ಟ್ರೇಡಿಂಗ್ ಕಂಪೆನಿಯಲ್ಲಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಹಮ್ರಿಯಾದ ಫ್ಲ್ಯಾಟಿನಲ್ಲಿ ಗೋಡೆ ನೋಡಿ ನೋಡಿ ತಲೆ ಕೆಟ್ಟು, ಕಟ್ಟಡದ ಕೆಳಗೇ ಇದ್ದ ಬೋರ್ಡ್ ಬರೆಯುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಆರ್ಡರ್ ಬರೆದುಕೊಳ್ಳುವುದು, ಇಂಗ್ಲಿಷ್ ಸ್ಪೆಲ್ಲಿಂಗ್ ಸರಿಯಿದೆಯೋ ನೋಡುವುದು, ಫೋನ್ ಎತ್ತುವುದು ನನ್ನ ಕೆಲಸ. ಅಂಗಡಿ ಹೆಸರಿಗೆ ಒಬ್ಬ ಒಮಾನಿ ಕಫೀಲನದು, ಅಂದರೆ ನಮ್ಮ ವೀಸಾಗಳಿಗೆ ಜವಾಬ್ದಾರನಾದ ಧಣಿಯದು. ನಡೆಸುತ್ತಿದ್ದವರು ಬಂಟ್ವಾಳದ ಮುಹಿಯುದ್ದೀನ್ ಭಾಯಿ. ಅರಬಿ ಅಕ್ಷರಕ್ಕೆ ಒಬ್ಬ ಪಾಕಿಸ್ತಾನಿ ಇದ್ದ. ಇಂಗ್ಲಿಷ್ ಅಕ್ಷರಕ್ಕೆ ಶಿರ್ವದ ರಾಬರ್ಟ್. ಚಿತ್ರಗಳಿಗೆ ಆಸ್ವಾಲ್ಡ್. ಸಲೂನಿನ ಬೋರ್ಡಿಗೆ ತಲೆ ಬಾಚಿದ ಗಂಡಸು, ಜ್ಯೂಸ್ ಅಂಗಡಿಗೆ ಮಾವಿನಹಣ್ಣು, ಹಲ್ಲಿನ ಡಾಕ್ಟರಿಗೆ ದೊಡ್ಡ ಬಿಳಿ ಹಲ್ಲು. ಆ ಕಾಲದಲ್ಲಿ ರೂವಿಯ ಅರ್ಧ ಸಲೂನುಗಳ ಗಂಡಸರು ಇವನ ಕೈಯಿಂದ ಬಂದವರೇ. ಅವರೆಲ್ಲರೂ ಕೆಂಪಗೆ ಬೆಳ್ಳಗಿದ್ದರು.

ಆಸ್ವಾಲ್ಡ್ ಸಿದ್ದಿ ಜನಾಂಗದವನು. ಗೋವಾದ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ ಎಷ್ಟೋ ತಲೆಮಾರುಗಳ ಹಿಂದೆ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರದ ಕಾಡು ಸೇರಿದರಲ್ಲ, ಆ ಜನ. ಮನೆಯಲ್ಲಿ ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ, ಭಾನುವಾರ ಚರ್ಚು. ಹದಿಹರೆಯದಲ್ಲಿ ಹುಬ್ಬಳ್ಳಿಗೆ ಓಡಿಹೋಗಿ ಸಿನಿಮಾ ಬ್ಯಾನರ್ ಬರೆಯುವವರ ಕೈಕೆಳಗೆ ಕೆಲಸ ಕಲಿತ. 'ಪೇಂಟರ್' ಎಂಬ ವೀಸಾದಲ್ಲಿ ಮಸ್ಕತ್ತಿಗೆ ಬಂದಾಗ ಕಂಪೆನಿಯವರು ಕೈಗೆ ರೋಲರ್ ಕೊಟ್ಟು ಹೊಸ ಕಟ್ಟಡಗಳ ಗೋಡೆಗೆ ಸುಣ್ಣ ಬಳಿಯಲು ಹಚ್ಚಿದರಂತೆ. ಬಿಸಿಲಲ್ಲಿ ಎರಡು ಬೇಸಿಗೆ ಬಳಿದ ಮೇಲೆ ಮುಹಿಯುದ್ದೀನ್ ಭಾಯಿಯ ಕಣ್ಣಿಗೆ ಬಿದ್ದು, ಹಳೆಯ ಕಂಪೆನಿಯಿಂದ ಬಿಡುಗಡೆಯ ಕಾಗದ, ಅಂದರೆ ರಿಲೀಸ್, ಪಡೆದು ನಮ್ಮಲ್ಲಿಗೆ ಬಂದ. ಅದು 1986.

ಒಮಾನಿನಲ್ಲಿ ಅವನ ಪಾಡು ನೋಡಲಾಗುತ್ತಿರಲಿಲ್ಲ. ಟ್ಯಾಕ್ಸಿಯವರು ಅರಬಿಯಲ್ಲಿ ಮಾತಾಡಿಸುವರು. ಉತ್ತರ ಬರದಿದ್ದರೆ ಸ್ವಾಹಿಲಿಗೆ ಇಳಿಯುವರು. ಜಾಂಜಿಬಾರಿನಿಂದ ಮರಳಿದ ಒಮಾನಿಗಳು ಅಲ್ಲಿ ಬಹಳ, ಇವನೂ ಅವರವನೇ ಎಂದು ಅವರ ಲೆಕ್ಕ. ಬಟ್ಟೆ ಅಂಗಡಿಯ ನಮ್ಮ ದೇಶದವರೇ ಇವನನ್ನು ಕಂಡೊಡನೆ ಯಾರೋ ಒಮಾನಿ ಯಜಮಾನನೆಂದು ಎದ್ದು ನಿಂತು "ಅರ್ಬಾಬ್, ಬನ್ನಿ, ಕೂತ್ಕೊಳ್ಳಿ" ಎನ್ನುವರು. ಇವನು ಹಿಂದಿಯಲ್ಲಿ "ಭಾಯಿ, ಆ ಶರ್ಟು ತೋರಿಸಿ" ಎಂದರೆ ಮುಖ ಇಳಿಸಿ ಕೂರುವರು. ಚರ್ಚಿನಲ್ಲಿ ಮಂಗಳೂರಿನವರು ಕೀನ್ಯಾದವನೋ ಎಂದು ಕೇಳುವರು. ಕನ್ನಡದವರ ಒಂದು ಕೂಟದ ರಾಜ್ಯೋತ್ಸವಕ್ಕೆ ಹೋದರೆ ಬಾಗಿಲಲ್ಲಿ ನಿಂತವರು, "ದಿಸ್ ಈಸ್ ಓನ್ಲಿ ಫಾರ್ ಕನ್ನಡ ಪೀಪಲ್" ಎಂದು ಇಂಗ್ಲಿಷಿನಲ್ಲಿ ತಡೆದರು.

"ಹಂಗಾದ್ರ ಕನ್ನಡದಾಗ ಹೇಳ್ರಿ, ಹೋಗ್ತೇನಿ," ಎಂದನಂತೆ.

ಕೊನೆಗೆ ಒಳಗೆ ಬಿಟ್ಟರು, ಆದರೂ ಬಿಡದ ಹಾಗೆಯೇ ಆಯಿತು. ಕೂಟದ ನಾಟಕದ ಉಸ್ತುವಾರಿ ದೂಮಪ್ಪನವರದು. ಮುಂದಿನ ವಾರವೇ ನಮ್ಮ ಅಂಗಡಿಗೆ ಬಂದು, "ಮಾರಾಯ, ನಮ್ಮ ನಾಟಕದಲ್ಲಿ ಒಂದು ರಾಕ್ಷಸನ ಪಾರ್ಟು ಉಂಟು. ನೀನು ಮಾಡಿದರೆ ಮೇಕಪ್ಪಿನ ತಲೆಬಿಸಿಯೇ ಇಲ್ಲ," ಎಂದರು. ಹೇಳುವಾಗ ನಗುತ್ತಲೇ ಇದ್ದರು, ತಾವು ಹೇಳಿದ್ದರಲ್ಲಿ ಏನಾದರೂ ಇದೆ ಎಂದು ಅವರಿಗೆ ಅನಿಸಿರಲೇ ಇಲ್ಲ.

"ರಾಜನ ಪಾರ್ಟು ಕೊಡ್ರಿ, ಮಾಡ್ತೇನಿ," ಎಂದ ಆಸ್ವಾಲ್ಡ್.

"ರಾಜನ ಪಾರ್ಟಿಗೆ ಆಗಲೇ ಜನ ಆಗಿದೆಯಲ್ಲ."

"ಹಂಗಾದ್ರ ಆ ರಾಜಗ ಮಸಿ ಹಚ್ಚಿ ರಾಕ್ಷಸನ್ನ ಮಾಡ್ರಿ."

ದೂಮಪ್ಪನವರು ನನ್ನ ಕಡೆ ತಿರುಗಿ, "ಇವನಿಗೆ ಎಂತಕ್ಕೆ ಇಷ್ಟು ಸಿಟ್ಟು?" ಎಂದು ಕೇಳಿದರು. ನಾನು ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದೆ. ಇಂಥವರಿಗೆ ಬಿಡಿಸಿ ಹೇಳಲು ಹೊರಟರೆ ಸಂಜೆಯಾಗುತ್ತದೆ, ಕೊನೆಗೆ ತಪ್ಪು ನಮ್ಮದೇ ಆಗಿರುತ್ತದೆ.

1988ರ ಚಳಿಗಾಲದಲ್ಲಿ ಝುವೇನಾ ಟೀಚರ್ ಅಂಗಡಿಗೆ ಬಂದರು. ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಜಾಂಜಿಬಾರಿನಲ್ಲಿ ಹುಟ್ಟಿ, 1964ರಲ್ಲಿ ಅಲ್ಲಿ ಅರಬರ ವಿರುದ್ಧ ಗಲಾಟೆಯಾದ ಮೇಲೆ ಊರೂರು ಅಲೆದು, ಕೊನೆಗೆ ಅಪ್ಪನ ದೇಶವಾದ ಒಮಾನಿಗೆ ಬಂದು ನೆಲೆಸಿದವರು. ಗಂಡ ತೀರಿಕೊಂಡಿದ್ದ. ಅವರ ಅರಬಿ ಕೇಳಿ ನೆರೆಹೊರೆಯವರು ನಗುತ್ತಾರೆಂದು ಎಲ್ಲರ ಹತ್ತಿರವೂ ಇಂಗ್ಲಿಷೇ ಮಾತಾಡುತ್ತಿದ್ದರು. ಕೈಚೀಲದಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಕೌಂಟರಿನ ಮೇಲಿಟ್ಟರು. ಮೂಲೆ ಮುರಿದ, ಅರ್ಧ ಮಾಸಿದ ಕಪ್ಪು-ಬಿಳಿ ಫೋಟೋ. ಅದರಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಕರಿಯ ಹೆಂಗಸು.

"ನನ್ನ ತಾಯಿ. ದೊಡ್ಡದಾಗಿ, ಬಣ್ಣದಲ್ಲಿ ಬೇಕು. ಅವರು ಹೇಗಿದ್ದರೋ ಹಾಗೆ," ಎಂದರು.

ಫೋಟೋ ನೋಡಿ ಆಸ್ವಾಲ್ಡ್ ಸುಲಭ ಎಂದುಕೊಂಡ. ಸುಲಭವಾಗಿರಲಿಲ್ಲ. ನಮ್ಮಲ್ಲಿದ್ದ ಬಣ್ಣದ ಟ್ಯೂಬುಗಳಲ್ಲಿ ಒಂದರ ಮೇಲೆ 'ಫ್ಲೆಶ್ ಟಿಂಟ್', ಅಂದರೆ ಮೈಬಣ್ಣ, ಎಂದೇ ಅಚ್ಚಾಗಿತ್ತು. ಒಳಗಿದ್ದದ್ದು ರೋಜಾ ಬಣ್ಣ. ಹುಬ್ಬಳ್ಳಿಯಲ್ಲಿ ಅವನು ಕಲಿತದ್ದೂ ಅದೇ: ನಾಯಕ ನಾಯಕಿಯರಿಗೆ ರೋಜಾ, ಖಳನಾಯಕನಿಗೆ ಹಸಿರು ಕಲೆಸಿದ ಕಂದು, ಗೂಂಡಾಗಳಿಗೆ ಕಪ್ಪು. ಕರಿಯ ತಾಯಿಯೊಬ್ಬಳ ಮುಖವನ್ನು ಹೇಗೆ ಬರೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಪ್ಪಿಗೆ ಕಂದು ಕಲೆಸಿ ಬಳಿದ. ಒಣಗಿದ ಮೇಲೆ ನೋಡಿದರೆ ದೋಸೆ ಕಾವಲಿಗೆ ಕಣ್ಣು ಬರೆದ ಹಾಗಿತ್ತು.

ಝುವೇನಾ ಟೀಚರ್ ಬಂದು ನೋಡಿ, "ನೀನು ನನ್ನ ಅಮ್ಮನನ್ನು ಬರೆದಿಲ್ಲ. ಕತ್ತಲೆ ಬರೆದಿದ್ದೀಯ," ಎಂದರು.

ಅವನಿಗೆ ರೇಗಿತು, ಅವರ ಮೇಲಲ್ಲ. ಅವರು ಹೋದ ಮೇಲೆ ಬಾಗಿಲ ಬಳಿಯ ಬಿಸಿಲಿನಲ್ಲಿ ತೋಳು ಚಾಚಿಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಬಾತ್‌ರೂಮಿನ ಕನ್ನಡಿಯನ್ನೇ ಕಳಚಿ ತಂದು ಕಿಟಕಿಗೆ ಒರಗಿಸಿದ. "ಅಕ್ಕಾರ, ಇಲ್ಲಿ ನೋಡ್ರಿ," ಎಂದು ನನ್ನನ್ನು ಕರೆದ. "ಈ ಹಣೀ ಮ್ಯಾಗ ನೀಲಿ ಐತಿ. ಕಿವೀ ಹತ್ರ ಕೆಂಪು ಐತಿ. ಕರಿ ಅಂತೂ ಎಲ್ಲೂ ಇಲ್ಲ. ಇಷ್ಟು ವರ್ಷ ಮಾರಿ ತೊಳಕೊಂಡೇನಿ, ಒಂದ್ ದಿನಾ ನೋಡಿಲ್ಲ." ಹೇಳುವಾಗ ಸಂತೋಷಕ್ಕಿಂತ ಕಿರಿಕಿರಿಯೇ ಹೆಚ್ಚಿತ್ತು ಅವನ ದನಿಯಲ್ಲಿ.

ಎರಡನೆಯ ಸಲ ಕಪ್ಪು ಟ್ಯೂಬನ್ನು ಮುಟ್ಟದೆ ಬರೆದ. ಎಷ್ಟೋ ಸಲ ಒರೆಸಿ, ಮತ್ತೆ ಬರೆದ. ಸಲೂನ್ ಬೋರ್ಡುಗಳು ಬಾಕಿ ಬಿದ್ದವು, ಮುಹಿಯುದ್ದೀನ್ ಭಾಯಿ ಗೊಣಗಿದರು. ಆದರೆ ಮುಖ ಬಂದಿತ್ತು. ಎದುರಿನ ಅಂಗಡಿಯವರು ಚಹಾ ಹಿಡಿದುಕೊಂಡು ಬಂದು ಅದರ ಮುಂದೆ ನಿಲ್ಲುತ್ತಿದ್ದರು. ಎಚ್ಚರಿಕೆಯ, ಸ್ವಲ್ಪ ದಣಿದ ಹೆಂಗಸು. ಕೆನ್ನೆಯ ಎಲುಬಿನ ಮೇಲೆ ಬೆಳಕು ಬಿದ್ದಿತ್ತು.

ಅಷ್ಟರಲ್ಲಿ ಟೀಚರ ಅಣ್ಣ ನಾಸರ್ ಅಂಗಡಿಗೆ ಬಂದ. ನಮ್ಮ ಕಫೀಲನ ಸ್ನೇಹಿತ, ಟಯರಿನ ವ್ಯಾಪಾರಿ. ಚಿತ್ರ ನೋಡಿ ಅವನ ಮುಖ ಬಿಗಿಯಿತು. ತಮ್ಮದು ದೊಡ್ಡ ಅರಬ ಮನೆತನ, ಇದು ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ನೇತುಹಾಕುವ ಚಿತ್ರ, ಬಂದವರು ಏನೆಂದುಕೊಳ್ಳುತ್ತಾರೆ, ಬಣ್ಣ ಸ್ವಲ್ಪ ತಿಳಿ ಮಾಡಬೇಕು, ಮೂಗನ್ನೂ ಸ್ವಲ್ಪ ನೋಡಬೇಕು ಎಂದ.

"ಫೋಟೋದಾಗ ಹಿಂಗ ಇದ್ದಾರಲ್ರಿ," ಎಂದ ಆಸ್ವಾಲ್ಡ್. ಮುಹಿಯುದ್ದೀನ್ ಭಾಯಿ ಅದನ್ನು ಅರಬಿಗೆ ತಿರುಗಿಸಿದರು.

"ಫೋಟೋ ಹಳೆಯದು," ಎಂದ ನಾಸರ್.

ಆಸ್ವಾಲ್ಡ್ ಒಪ್ಪಲಿಲ್ಲ. ಮುಹಿಯುದ್ದೀನ್ ಭಾಯಿ ಮಾರನೆಯ ದಿನ ಅವನನ್ನು ದೂರದ ನಿಜ್ವಾ ಪಟ್ಟಣದ ಒಂದು ಔಷಧಿ ಅಂಗಡಿಯ ಬೋರ್ಡಿಗೆಂದು ಕಳಿಸಿದರು. ಅವನು ಪಿಕಪ್ಪಿನಲ್ಲಿ ಹೊರಟದ್ದೇ ತಡ, ರಾಬರ್ಟನ ಕೈಗೆ ಬ್ರಶ್ ಕೊಟ್ಟು, "ಸ್ವಲ್ಪ ಬೆಳ್ಳಗೆ ಮಾಡಿಬಿಡು ಮಾರಾಯ," ಎಂದರು. ನಾನು ಎದ್ದು ಹೋಗಿ, "ಭಾಯಿ, ಇದು ಸರಿಯಲ್ಲ. ಆರ್ಡರ್ ಕೊಟ್ಟದ್ದು ಆ ಟೀಚರು," ಎಂದೆ.

"ಗೊತ್ತುಂಟು ವಸಂತಿಯವರೇ. ಆದರೆ ಅಂಗಡಿಯ ಬಾಗಿಲು ತೆರೆದಿರಬೇಕಲ್ಲ? ಕಫೀಲನ ಸ್ನೇಹಿತನನ್ನು ಎದುರು ಹಾಕಿಕೊಂಡು ನಾನು ಎಲ್ಲಿಗೆ ಹೋಗುವುದು?"

ರಾಬರ್ಟ್ ಅಕ್ಷರ ಬರೆಯುವವನು. ಅವನಿಗೂ ಮನಸ್ಸಿರಲಿಲ್ಲ. ತಲೆ ತಗ್ಗಿಸಿಕೊಂಡು ಬಳಿದ. ಎರಡು ದಿನ ಬಿಟ್ಟು ಆಸ್ವಾಲ್ಡ್ ನಿಜ್ವಾದಿಂದ ಬಂದಾಗ ಸ್ಟ್ಯಾಂಡಿನ ಮೇಲೆ ಸೋಪಿನ ಜಾಹೀರಾತಿನಂಥ ಒಬ್ಬ ಹೆಂಗಸು ಕೂತಿದ್ದಳು. ಅವನು ಕೂಗಾಡಲಿಲ್ಲ. ನಿಂತಲ್ಲೇ ನಿಂತು ಕೇಳಿದ: "ಯಾರು ರೀ ಇವ್ರು?"

ರಾಬರ್ಟ್ ಬ್ರಶ್ ತೊಳೆಯಲು ಎದ್ದು ಹೋದ.

"ನನ್ನ ಮಾರೀನೂ ಒಂದೀಟು ಬಳದ್ ಬಿಡ್ರಿ, ಎಲ್ಲಾರಿಗೂ ಹಗುರ ಆಗ್ಲಿ," ಎಂದು ಹೇಳಿ ಹೊರಗೆ ಹೋದ.

ಚಿತ್ರ ನಾಸರನ ಮಜ್ಲಿಸಿಗೆ ಹೋಯಿತು. ವಿಷಯ ತಿಳಿದ ಝುವೇನಾ ಟೀಚರ್ ಅಂಗಡಿಗೆ ಬಂದು, ಮುಹಿಯುದ್ದೀನ್ ಭಾಯಿಯ ಕಡೆ ನೋಡದೆ ನೇರವಾಗಿ ಆಸ್ವಾಲ್ಡನ ಬಳಿಗೆ ಹೋದರು. ಚಿತ್ರದ ಜೊತೆ ಫೋಟೋವೂ ಅಣ್ಣನ ಕೈ ಸೇರಿತ್ತು, ಅವನು ಕೊಡಲೊಲ್ಲ. ಆದರೆ ತಾಯಿಯ ತಂಗಿ ಬೀ ಟಾಟು ತಮ್ಮ ಜೊತೆಯಲ್ಲೇ ಇದ್ದಾರೆ, ಥೇಟ್ ಅಕ್ಕನ ಹಾಗೇ ಇದ್ದಾರೆ. ಅವರನ್ನು ಎದುರಿಗೆ ಕೂರಿಸಿ ಬರೆಯಬಹುದಲ್ಲ ಎಂದು ಕೇಳಿದರು.

"ನಿಮ್ಮಣ್ಣ ಮತ್ತ ಬಂದ್ರ?" ಎಂದ ಆಸ್ವಾಲ್ಡ್. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ.

"ಅದು ನನ್ನ ಮನೆ. ಅವನು ಬಂದರೆ ಚಹಾ ಕುಡಿದು ಹೋಗುತ್ತಾನೆ."

ಹೆಂಗಸರೇ ಇರುವ ಮನೆಗೆ ಪರಪುರುಷ ಒಬ್ಬನೇ ಬರುವ ಹಾಗಿಲ್ಲವೆಂದು ನನಗೂ ಕರೆ ಬಂತು. ಹೀಗೆ ನನ್ನ ಶುಕ್ರವಾರಗಳು ಹೋದವು. ವಾರಕ್ಕೊಂದೇ ರಜೆ, ಅದರಲ್ಲಿ ಬಟ್ಟೆ ಒಗೆಯಬೇಕು, ಮೀನು ತರಬೇಕು, ಭೋಜರಾಜರಿಗೆ ನೀರುದೋಸೆ ಮಾಡಬೇಕು. ಅದೆಲ್ಲ ಬಿಟ್ಟು ಟೀಚರ ಮನೆಯಿದ್ದ ಅಲ್ ಮವಾಲೇಹ್‌ಗೆ ಹೋಗಿ ಬಣ್ಣದ ವಾಸನೆಯಲ್ಲಿ ಕೂರಬೇಕು. "ನೀನೇನು ಚಿತ್ರ ಬರೆಯುತ್ತೀಯಾ?" ಎಂದು ಭೋಜರಾಜರು ಪ್ರತಿ ವಾರ ಕೇಳುತ್ತಿದ್ದರು, ಪ್ರತಿ ವಾರ ಕಾರಿನಲ್ಲಿ ಬಿಡುತ್ತಲೂ ಇದ್ದರು.

ಬೀ ಟಾಟುವಿನಷ್ಟು ಹಟದ ಮುದುಕಿಯನ್ನು ನಾನು ಕಂಡಿಲ್ಲ. ಆಕೆಗೆ ಸ್ವಾಹಿಲಿ ಬಿಟ್ಟರೆ ಬೇರೆ ಭಾಷೆ ಇಲ್ಲ. ಆಸ್ವಾಲ್ಡನನ್ನು ಕಂಡ ಕೂಡಲೇ ಸ್ವಾಹಿಲಿಯಲ್ಲಿ ಶುರುಮಾಡಿದರು. ಅವನಿಗೆ ಬರುವುದಿಲ್ಲ ಎಂದು ಟೀಚರ್ ಹೇಳಿದರೆ, "ಬರುತ್ತದೆ, ಸೋಮಾರಿತನದಿಂದ ಮರೆತಿದ್ದಾನೆ," ಎಂದರಂತೆ. ಅವನ ಅಜ್ಜಿಯ ಹೆಸರು ಕೇಳಿದರು. ಆ ಹೆಸರು ಪೋರ್ಚುಗೀಸರದು ಎಂದು ತಿಳಿದು ಬಹಳ ಬೇಸರಪಟ್ಟರು.

ಕೂತಲ್ಲಿ ಕೂರುವವರೂ ಅಲ್ಲ. ಅವರು ಉಡುವ ಕಾಂಗಾ ಎಂಬ ದೊಡ್ಡ ಹೂವಿನ ಬಟ್ಟೆ ವಾರಕ್ಕೊಂದು. ಮೊದಲ ಶುಕ್ರವಾರ ಕೆಂಪು, ಎರಡನೆಯ ಶುಕ್ರವಾರ ಹಳದಿ, ಆಮೇಲೆ ನೀಲಿ. ಆಸ್ವಾಲ್ಡ್ ಕೆಂಪನ್ನು ಅಳಿಸಿ ಹಳದಿ ಬರೆದ, ಹಳದಿಯ ಮೇಲೆ ನೀಲಿ ಶುರುಮಾಡಿದ. ಕೊನೆಗೆ ಕೈಮುಗಿದು, "ಟೀಚರ್, ಅಜ್ಜೀಗೆ ಒಂದ ಬಟ್ಟಿ ಉಡಾಕ ಹೇಳ್ರಿ," ಎಂದ.

ಟೀಚರ್ ಹೇಳಿದರು. ಅಜ್ಜಿಯ ಉತ್ತರವನ್ನು ನಗು ತಡೆದುಕೊಂಡು ನಮಗೆ ತಿಳಿಸಿದರು: "ಬರೆಯುವವನು ವಾರ ವಾರ ಅದೇ ಅಂಗಿ ಹಾಕಿಕೊಂಡು ಬರುತ್ತಾನಾ ಎಂದು ಕೇಳುತ್ತಿದ್ದಾರೆ."

ಅವನು ಬರುತ್ತಿದ್ದದ್ದು ಅದೇ ಅಂಗಿಯಲ್ಲಿ. ಅದನ್ನು ಹೇಳಿದರೂ ಪ್ರಯೋಜನವಾಗಲಿಲ್ಲ.

ಟೀಚರದು ಇನ್ನೊಂದು ಬಗೆ. ಅವರಿಗೆ ಆಸ್ವಾಲ್ಡನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವ ಆಸೆ. ಒಂದು ದಿನ ಜಾಂಜಿಬಾರಿನ ಡೋಲಿನ ಕ್ಯಾಸೆಟ್ ಹಾಕಿ, ಅವನ ಮುಖವನ್ನೇ ನೋಡುತ್ತ ಕೂತರು. "ಏನಾದರೂ ಅನಿಸುತ್ತಿದೆಯಾ? ರಕ್ತಕ್ಕೆ ಗೊತ್ತಾಗುತ್ತದೆ."

"ಸೌಂಡು ಭಾಳ ಆತು, ಕೈ ಅಲುಗಾಡಾಕ್ಹತ್ತೈತಿ," ಎಂದ ಆಸ್ವಾಲ್ಡ್.

ಬೀ ಟಾಟು ಆಗಲೇ ನಿದ್ದೆಹೋಗಿದ್ದರು.

"ನೀನು ನಮ್ಮವನು ಆಸ್ವಾಲ್ಡ್. ಯಾಕೆ ಒಪ್ಪಿಕೊಳ್ಳುವುದಿಲ್ಲ?"

ಅವನು ಬ್ರಶ್ ಕೆಳಗಿಟ್ಟ. ಮೆಲ್ಲನೆ, ಒಂದೊಂದೇ ಮಾತನ್ನು ಹಿಂದಿಯಲ್ಲಿ ಜೋಡಿಸಿ ಹೇಳಿದ. ಟೀಚರಿಗೆ ಹಿಂದಿ ಅರ್ಥವಾಗುತ್ತಿತ್ತು. "ಟೀಚರ್, ನಮ್ಮ ಊರಿನಲ್ಲಿ ನನ್ನನ್ನು ನೀನು ಇಲ್ಲಿಯವನಲ್ಲ ಅನ್ನುತ್ತಾರೆ. ನೀವು ಇಲ್ಲಿ ನನ್ನನ್ನು ನೀನು ಅಲ್ಲಿಯವನಲ್ಲ ಅನ್ನುತ್ತೀರಿ. ನೀವು ಪ್ರೀತಿಯಿಂದ ಹೇಳುತ್ತೀರಿ, ಅವರು ಸಸಾರದಿಂದ ಹೇಳುತ್ತಾರೆ, ಅಷ್ಟೇ. ನಾನು ಹಳಿಯಾಳದವನು. ಅದೊಂದು ಮಾತನ್ನು ಯಾರಾದರೂ ಒಬ್ಬರು ನಂಬಿದರೆ ನನಗೆ ಸಾಕು."

ಟೀಚರ್ ಕ್ಯಾಸೆಟ್ ನಿಲ್ಲಿಸಿದರು. ನಾವು ಹೊರಡುವಾಗ, "ನನ್ನ ಅರಬಿ ಕೇಳಿ ಅವರೂ ನನಗೆ ಹಾಗೇ ಹೇಳುತ್ತಾರೆ," ಎಂದರು.

ಮುಂದಿನ ವಾರ ಅವರು ಒಂದು ಪುಸ್ತಕ ತಂದಿಟ್ಟರು. ಲಂಡನ್ನಿನಲ್ಲಿದ್ದ ಅವರ ತಂಗಿಯ ಮಗ ಕಳಿಸಿದ್ದು, ಅಲ್ಲಿ ನಡೆದ ಒಂದು ಚಿತ್ರಪ್ರದರ್ಶನದ ಪುಸ್ತಕ. ಬರೆದವರೂ ಕರಿಯರು, ಚಿತ್ರದಲ್ಲಿದ್ದವರೂ ಕರಿಯರು. ಕೆಲವರು ಇಂಗ್ಲೆಂಡಿನಲ್ಲಿ ಹುಟ್ಟಿದವರು, ಕೆಲವರು ಆಫ್ರಿಕಾದವರು, ಕೆಲವರ ಮನೆಯವರು ವೆಸ್ಟ್ ಇಂಡೀಸಿನಿಂದ ಬಂದವರು. ಆಸ್ವಾಲ್ಡ್ ಒದ್ದೆ ಕೈ ಒರೆಸಿಕೊಂಡು ಹಾಳೆ ತಿರುಗಿಸಿದ. ಒಬ್ಬ ಹೆಂಗಸು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಇಬ್ಬರು ಗಂಡಸರು ಮೇಜಿನ ಮುಂದೆ. ಒಬ್ಬ ಮುದುಕ ಕಿಟಕಿಯ ಪಕ್ಕದಲ್ಲಿ.

"ಅಕ್ಕಾರ, ಇವ್ರು ಏನು ಮಾಡಾಕ್ಹತ್ತ್ಯಾರ?" ಎಂದು ನನ್ನನ್ನು ಕೇಳಿದ.

ನಾನೂ ನೋಡಿದೆ. "ಎಂತದೂ ಇಲ್ಲ. ಸುಮ್ಮನೆ ಕೂತಿದ್ದಾರೆ."

"ಅದ ರೀ. ಯಾರೂ ಹೊರಿ ಹೊತ್ತಿಲ್ಲ, ಕುಣ್ಯಾಕ್ಹತ್ತಿಲ್ಲ. ಯಾರ್ನೂ ಹೊಡ್ಯಾಕ ಬಂದಿಲ್ಲ." ಬಹಳ ಹೊತ್ತು ಆ ಹಾಳೆಗಳನ್ನು ತಿರುಗಿಸುತ್ತಿದ್ದ. ಮುಖದಲ್ಲಿ ಮೆಚ್ಚುಗೆ ಇರಲಿಲ್ಲ. ಯಾರೋ ತನ್ನಿಂದ ಏನನ್ನೋ ಬಚ್ಚಿಟ್ಟಿದ್ದರು ಎನ್ನುವಂಥ ಸಿಡುಕಿತ್ತು. "ಈ ಬಣ್ಣ ಹಚ್ಚೂದ ಇಷ್ಟು ಮಂದೀಗೆ ಗೊತ್ತಿತ್ತು, ನಾ ಒಬ್ಬಾಂವನ ಬಾತ್‌ರೂಮಿನ ಕನ್ನಡಿ ಕಳಚಿ ಕಲೀಬೇಕಾತು."

ಅವತ್ತು ಅವನು ಬೀ ಟಾಟುವಿನ ಚಿತ್ರವನ್ನು ಮೊದಲಿನಿಂದ ಶುರುಮಾಡಿದ. ತಲೆ ಎತ್ತಿ ಗಂಭೀರವಾಗಿ ಕೂರಿಸುವುದನ್ನು ಬಿಟ್ಟ. ಆಕೆ ನಿದ್ದೆಯಿಂದೆದ್ದು ಬಟ್ಟೆ ಸರಿಮಾಡಿಕೊಳ್ಳುತ್ತ ಯಾರ ಮೇಲೋ ಗೊಣಗುವ ಹಾಗೆ ಬರೆದ. ಮೂರು ಕಾಂಗಾಗಳೂ ಅದರಲ್ಲಿ ಬಂದವು, ಒಂದು ಮೈಮೇಲೆ, ಒಂದು ತಲೆಗೆ, ಒಂದು ಕುರ್ಚಿಯ ಬೆನ್ನಿಗೆ. ಮುಗಿದ ಚಿತ್ರವನ್ನು ಬೀ ಟಾಟು ಹತ್ತಿರದಿಂದ, ದೂರದಿಂದ ನೋಡಿದರು. ಟೀಚರ್ ಅನುವಾದಿಸಿದರು: "ಚೆನ್ನಾಗಿದೆಯಂತೆ. ಆದರೆ ಇದು ತಾನೇ ಅಂತೆ, ಅಕ್ಕ ಅಲ್ಲ. ಅಕ್ಕ ಇಷ್ಟು ಚಂದ ಇರಲಿಲ್ಲವಂತೆ."

ಅಷ್ಟು ತಿಂಗಳ ಕೆಲಸ ಮಾಡಿಸಿಕೊಂಡ ಟೀಚರ್ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟರು. ಕೊನೆಗೆ ಅವರಿಗೇ ನಗು ಬಂತು. ಚಿತ್ರವನ್ನು ಊಟದ ಕೋಣೆಯಲ್ಲಿ ನೇತುಹಾಕಿದರು. ಬಂದ ನೆಂಟರು ನೋಡಿದರು, ಅವರ ಮನೆಗಳಿಂದ ಕರೆ ಬರತೊಡಗಿತು. ಸೀಬ್, ಬರ್ಕಾ, ಸೋಹಾರ್ ಕಡೆಯ ಜಾಂಜಿಬಾರಿ ಮನೆಗಳು. ಅರ್ಧ ಜನಕ್ಕೆ ಇದ್ದ ಹಾಗೆ ಬೇಕು. ಇನ್ನರ್ಧ ಜನ ಎಲ್ಲ ಮಾತು ಮುಗಿದ ಮೇಲೆ ಬಾಗಿಲವರೆಗೆ ಬಂದು, "ಸ್ವಲ್ಪ ಮಾತ್ರ ತಿಳಿ ಮಾಡು," ಎಂದು ಮೆಲ್ಲಗೆ ಹೇಳುವರು. ಅವನು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಒಂದೆರಡು ಕಡೆ ಬೈಗುಳವೂ ಸಿಕ್ಕಿತು.

ಹೀಗೆ ಅವನ ಬಳಿಯೇ ಉಳಿದ ಚಿತ್ರಗಳಲ್ಲಿ ಒಳ್ಳೆಯ ನಾಲ್ಕನ್ನು ಪ್ರದರ್ಶನಕ್ಕಿಡಬೇಕೆಂದು ಟೀಚರ್ ಹಟ ಹಿಡಿದರು. ಒಂದು ಹೋಟೆಲಿನ ಸಭಾಂಗಣದಲ್ಲಿ ಒಮಾನಿ ಕಲಾವಿದರ ಪ್ರದರ್ಶನ ಎಂದು ಕೇಳಿ ಆಸ್ವಾಲ್ಡ್ ಮತ್ತು ನಾನು ಹೋದೆವು. ಮೇಜಿನ ಹಿಂದಿದ್ದ ಯುವಕ ಎದ್ದು ನಿಂತು, ಅರಬಿಯಲ್ಲಿ ಕ್ಷೇಮಸಮಾಚಾರ ಕೇಳಿ, ಕಾವಾ ಎಂಬ ಅರಬಿ ಕಾಫಿ ಕೊಟ್ಟು, ಚಿತ್ರ ನೋಡಿ ಮೆಚ್ಚಿದ. ಆಮೇಲೆ ಆಸ್ವಾಲ್ಡ್ ಬಾಯಿಬಿಟ್ಟ. ಯುವಕ ಬಹಳ ಸಂಕೋಚದಿಂದ ಇದು ದೇಶದ ಪ್ರಜೆಗಳಿಗೆ ಮಾತ್ರ ಎಂದ. ಸರಿ, ಭಾರತೀಯರ ಒಂದು ಪ್ರದರ್ಶನವೂ ಇತ್ತು. ಅದರ ಸಮಿತಿಯಲ್ಲಿ ದೂಮಪ್ಪನವರಿದ್ದರು.

"ಚಿತ್ರ ಚಂದ ಉಂಟು, ಇಲ್ಲ ಎನ್ನುವುದಿಲ್ಲ," ಎಂದರು ಅವರು. "ಆದರೆ ಇದರಲ್ಲಿ ನಮ್ಮ ಭಾರತ ಎಲ್ಲಿ ಉಂಟು? ಎಲ್ಲ ಆಫ್ರಿಕಾದ ಜನ."

"ಬರದಾಂವ ನಾನು ಅದೇನಲ್ರಿ," ಎಂದ ಆಸ್ವಾಲ್ಡ್.

"ಅದು ಸರಿ. ಆದರೆ ನೋಡುವವರಿಗೆ ಹೇಗೆ ಗೊತ್ತಾಗಬೇಕು?"

ಕಾರಿನಲ್ಲಿ ಬರುವಾಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಏನೂ ತಪ್ಪು ಮಾಡದ ಭೋಜರಾಜರ ಮೇಲೆ ಹರಿಹಾಯ್ದೆ. ಹಿಂದಿನ ಸೀಟಿನಲ್ಲಿ ನಾಲ್ಕು ಚಿತ್ರಗಳ ನಡುವೆ ಸಿಕ್ಕಿಕೊಂಡು ಕೂತಿದ್ದ ಆಸ್ವಾಲ್ಡ್ ನನಗೇ ಸಮಾಧಾನ ಹೇಳಿದ. "ಬಿಡ್ರಿ ಅಕ್ಕಾರ. ಖಲಾಸ್. ಕಾರ್ನ್ಯಾಗರ ಜಾಗ ಸಿಕ್ಕೈತಲ್ಲ."

ಆ ನಾಲ್ಕು ಚಿತ್ರಗಳು ಕೊನೆಗೆ ಹಮ್ರಿಯಾದಲ್ಲಿ ಮಮ್ಮದ್ ಬ್ಯಾರಿ ಎಂಬವರ ಹೋಟೆಲಿನ ಗೋಡೆಯ ಮೇಲೆ ಕೂತವು. ಗೋಡೆಯ ಸುಣ್ಣ ಎದ್ದಿತ್ತು, ಮುಚ್ಚಲು ಏನಾದರೂ ಬೇಕಿತ್ತು ಅವರಿಗೆ. ಪರೋಟ ತಿನ್ನುವವರು ನೋಡುತ್ತಿದ್ದರು.

1992ರಲ್ಲಿ ಅವನು ಊರಿಗೆ ರಜೆಗೆ ಹೋದ. ಈ ಸಲ ಅವ್ವನ ಚಿತ್ರ ಬರೆದೇ ತರುತ್ತೇನೆ ಎಂದು ಬಣ್ಣ, ಕ್ಯಾನ್ವಾಸ್ ಎಲ್ಲ ಕಟ್ಟಿಕೊಂಡು ಹೋಗಿದ್ದ. ಬಂದ ಮೇಲೆ ಕೌಂಟರಿನ ಮುಂದೆ ಕೂತು ಹೇಳಿದ ಕತೆ ಇದು.

ಚಿತ್ರ ಬರೆಯುತ್ತೇನೆ ಎಂದೊಡನೆ ಅವ್ವ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ಬಂದಾಗ ಮುಖದ ತುಂಬ ಪೌಡರು. ಇವನೇ ಮಸ್ಕತ್ತಿನಿಂದ ಕಳಿಸಿದ ಪೌಡರು.

"ಯವ್ವಾ, ಒರಸ್ಕೊ," ಎಂದ.

"ಯಾಕ? ಬೆಳ್ಳಗ ಬರೀಬೇಕಪಾ. ಗ್ವಾಡೀ ಮ್ಯಾಗ ಕರಿ ಮಾರಿ ಯಾರು ನೋಡ್ತಾರ?"

ಮಸ್ಕತ್ತಿನಲ್ಲಿ ಗಿರಾಕಿಗಳನ್ನು ಬಿಟ್ಟು ಎದ್ದು ಬಂದವನು, ಕಫೀಲನ ಸ್ನೇಹಿತನಿಗೂ ಬಗ್ಗದವನು, ಅವ್ವನ ಮುಂದೆ ಸೋತುಹೋದ. ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಪೌಡರು ಒರೆಸಿದರೆ ಮತ್ತೆ ಹಚ್ಚಿಕೊಂಡು ಬರುವಳು. ಕೊನೆಗೆ ತಾಳ್ಮೆ ಕೆಟ್ಟು, ಅವಳ ಮುಂದೆ ಬೀ ಟಾಟುವಿನ ಚಿತ್ರದ ಫೋಟೋ ಹಿಡಿದ. ಅವ್ವ ಅದನ್ನು ಬೆಳಕಿಗೆ ತಂದು ನೋಡಿದಳು.

"ಯಾರ ಮನೀ ಮುದುಕಿ ಇದು? ಯಾವ ವಾಡೇದಾಕಿ?"

"ಮಸ್ಕತ್ತಿನಾಕಿ."

"ಸುಳ್ಳು ಹೇಳಬ್ಯಾಡ. ನಮ್ಮಾಕಿ ಇದ್ದಾಳ. ಅಲ್ಲಿಗೆ ಯಾಕ ಹೋಗ್ಯಾಳ?"

ಅದಕ್ಕೆ ಅವನ ಬಳಿ ಚಿಕ್ಕ ಉತ್ತರವಿರಲಿಲ್ಲ. ಕೂತು ಹೇಳಿದ. ಅವ್ವ ಪೂರ್ತಿ ಕೇಳಿದಳೋ ಇಲ್ಲವೋ, ಫೋಟೋ ಮಾತ್ರ ಕೈಯಿಂದ ಬಿಡಲಿಲ್ಲ. "ಈಕಿ ಪೌಡರ್ ಹಚ್ಚಿಲ್ಲಲಾ," ಎಂದಳಂತೆ ಆಮೇಲೆ. ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಮುಖ ತೊಳೆದು ಬಂದು ಕೂತಳು. ಆದರೆ ಬೀ ಟಾಟುವಿನ ಹಾಗೆ ತನಗೂ ಮೂರು ಸೀರೆ ಬರೆಯಬೇಕೆಂದು ಹಟ ಹಿಡಿದಳು. ಅವನು ಬರೆದ.

ಮೂರು ವರ್ಷ ಕಳೆಯುವಷ್ಟರಲ್ಲಿ ಮುಹಿಯುದ್ದೀನ್ ಭಾಯಿ ಅಕ್ಷರ ಕತ್ತರಿಸುವ ಕಂಪ್ಯೂಟರ್ ಮೆಷಿನ್ ತರಿಸಿದರು. ಸ್ಟಿಕರ್ ಅಂಟಿಸಿದರೆ ಬೋರ್ಡು ತಯಾರು. ಪಾಕಿಸ್ತಾನಿ ಊರಿಗೆ ಹೋದ. ರಾಬರ್ಟ್ ಮೆಷಿನ್ ಕಲಿತ. ಆಸ್ವಾಲ್ಡನಿಗೆ ಬೇರೆ ಕಫೀಲ್ ಸಿಗದಿದ್ದರೆ ದೇಶ ಬಿಡಬೇಕಿತ್ತು. ಝುವೇನಾ ಟೀಚರ್ ಕಂಡಕಂಡವರನ್ನು ಕೇಳಿದರು. ಕಡೆಗೆ ಸಿಕ್ಕಿದ್ದು ಯಾರು? ನಾಸರ್.

ನಾನು ನಂಬಲಿಲ್ಲ. "ಆ ಮನುಷ್ಯನ ಕೆಳಗೆ ಇರುತ್ತೀಯಾ?" ಎಂದೆ.

"ತಂಗಿ ಕಾಟ ತಾಳಲಾರದ ಒಪ್ಪ್ಯಾನ. ನನಗೂ ಬ್ಯಾರೆ ದಾರಿ ಇಲ್ಲ. ಇಬ್ಬರೂ ಸಿಟ್ಟಿನ್ಯಾಗ ಅದೇವಿ, ಸರೀ ಹೊಂದಿಕೆ ಆಕೈತಿ," ಎಂದ.

ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹತ್ತಿರ, ಟಯರ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಚಿತ್ರ, ಫ್ರೇಮ್ ಎಂದು ಒಂದು ಸಣ್ಣ ಅಂಗಡಿ ಆಯಿತು. ನಾಸರ್ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ದಿನವೂ ಬಂದು ನಿಲ್ಲುವನು. "ಇದು ಕಪ್ಪಾಯಿತು," ಎನ್ನುವನು. "ಆ ಮನುಷ್ಯ ಹಂಗ ಇದ್ದಾನ," ಎಂದು ಇವನು ಮುರಿದ ಅರಬಿಯಲ್ಲಿ ಹೇಳುವನು. "ನನಗೆ ಗೊತ್ತಿಲ್ಲವಾ, ಅವನು ನನ್ನ ಚಿಕ್ಕಪ್ಪನ ಮಗ," ಎಂದು ಅವನು ರೇಗುವನು. ಕೂಗಾಟ ಮಾರುಕಟ್ಟೆಯವರೆಗೂ ಕೇಳುತ್ತಿತ್ತು. ಆದರೆ ಒಂದು ಮುಖದ ಬಣ್ಣವನ್ನೂ ಅವನು ಬದಲಾಯಿಸಲಿಲ್ಲ, ನಾಸರ್ ವೀಸಾವನ್ನೂ ರದ್ದು ಮಾಡಲಿಲ್ಲ.

1998ರಲ್ಲಿ ನಾವು ಒಮಾನ್ ಬಿಟ್ಟು ಊರಿಗೆ ಹೊರಟೆವು. ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲು ವಿದಾಯ ಹೇಳಲೆಂದು ಅವನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ಒಳಗೆ ಸೋಹಾರಿನ ಒಂದು ಇಡೀ ಕುಟುಂಬ, ಅಜ್ಜನಿಂದ ಮೊಮ್ಮಕ್ಕಳವರೆಗೆ, ಯಾರು ಎಲ್ಲಿ ಕೂರಬೇಕೆಂದು ಜಗಳವಾಡುತ್ತಿತ್ತು. ಒಬ್ಬಳು ಸೊಸೆ ಅತ್ತೆಯ ಪಕ್ಕ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಮಕ್ಕಳು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದರು. ನಡುವೆ ಕೂತ ಅಜ್ಜ ಒಬ್ಬರೇ ಸುಮ್ಮನಿದ್ದರು, ಕೈಕೋಲು ಊರಿಕೊಂಡು. ಆಸ್ವಾಲ್ಡನ ಕೂದಲು ಅಲ್ಲಲ್ಲಿ ನೆರೆತಿತ್ತು. ನನ್ನನ್ನು ಬಾಗಿಲಲ್ಲಿ ಕಂಡು, ಬ್ರಶ್ ಹಿಡಿದ ಕೈಯನ್ನೇ ಎತ್ತಿದ.

"ಅಕ್ಕಾರ, ನಿಂದ್ರಿ. ಈ ಅಜ್ಜನ ಮೂಗೊಂದು ಮುಗಿಸಿ ಬಂದೆ. ಅಲುಗಾಡಿದ್ರ ಮತ್ತ ಸಿಗಾಂಗಿಲ್ಲ ಮನಷ್ಯಾ."

ಹೊರಗೆ ಭೋಜರಾಜರು ಹಾರ್ನ್ ಹೊಡೆದರು. ನಾನು ಒಂದು ಫ್ರೇಮನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ಕೂತು ಕಾದೆ.